ಪ್ರಿಂಟಿಂಗ್ ಹೌಸ್ ಸ್ಕ್ವೇರ್: ಲಂಡನ್ನಿನ ಹಳೆಯ ಪತ್ರಿಕಾ ಅಚ್ಚುಕೂಟದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ಅಚ್ಚುಕೂಟಗಳ ವಿಷಯ ಮಾತಾಡುವಾಗೆಲ್ಲ ನಾನು ಲಂಡನ್ನಿನ ‘ದಿ ಟೈಮ್ಸ್’ ಪತ್ರಿಕೆಯ ಕಟ್ಟಡಕ್ಕೇ ಬಂದು ನಿಲ್ಲುತ್ತೇನೆ. ಕೇಳುವವರ ಪ್ರಶ್ನೆಗಳೂ ಹೆಚ್ಚುಕಮ್ಮಿ ಅವೇ. ಅವನ್ನೆಲ್ಲ ಒಂದು ಕಡೆ ಸೇರಿಸಿ, ತಿಳಿದಷ್ಟನ್ನು ಬಿಡಿಸಿ ಬರೆದಿದ್ದೇನೆ. ಅಚ್ಚುಕೂಟದ ಕಟ್ಟಡವನ್ನು ಸರಿಯಾಗಿ ನೋಡಿದರೆ ಪತ್ರಿಕೆ ಒಂದು ರಾತ್ರಿಯಲ್ಲಿ ಹೇಗೆ ಹುಟ್ಟುತ್ತಿತ್ತು ಅನ್ನುವುದು ಕಣ್ಣಿಗೆ ಕಟ್ಟುತ್ತದೆ. ನನಗೆ ಈ ವಿಷಯದ ಮೇಲೆ ಇಷ್ಟು ಪ್ರೀತಿ ಇರುವುದು ಅದಕ್ಕೇ.

ಈ ಪ್ರಿಂಟಿಂಗ್ ಹೌಸ್ ಸ್ಕ್ವೇರ್ ಎಲ್ಲಿತ್ತು? ಆ ಹೆಸರು ಹೇಗೆ ಬಂತು?

ಲಂಡನ್ ನಗರದ ಬ್ಲ್ಯಾಕ್‌ಫ್ರಯರ್ಸ್ ಪ್ರದೇಶದಲ್ಲಿ, ಥೇಮ್ಸ್ ನದಿಯಿಂದ ಸ್ವಲ್ಪವೇ ದೂರದಲ್ಲಿತ್ತು. ಹಿಂದೆ ಅಲ್ಲಿ ಡೊಮಿನಿಕನ್ ಎಂಬ ಕ್ರೈಸ್ತ ಪಂಥದ ಸನ್ಯಾಸಿಗಳ ಮಠ ಇತ್ತು. ಅವರು ಕಪ್ಪು ನಿಲುವಂಗಿ ತೊಡುತ್ತಿದ್ದರು, ಆದ್ದರಿಂದ ಬ್ಲ್ಯಾಕ್‌ಫ್ರಯರ್ಸ್ ಅನ್ನುವ ಹೆಸರು. ಮಠ ಹೋದ ಮೇಲೆ ಆ ಜಾಗದಲ್ಲಿ ನಾಟಕದ ರಂಗಮಂದಿರ ಬಂತು. ಪಕ್ಕದ ಓಣಿಗೆ ಪ್ಲೇಹೌಸ್ ಯಾರ್ಡ್ ಅನ್ನುವ ಹೆಸರು ಉಳಿದದ್ದು ಹಾಗೆ. ಆಮೇಲೆ ಅಲ್ಲಿಗೆ ರಾಜನ ಅಧಿಕೃತ ಮುದ್ರಕರ ಅಚ್ಚುಕೂಟ ಬಂತು. 1666ರ ಲಂಡನ್ ಬೆಂಕಿಯಲ್ಲಿ ಅದು ಸುಟ್ಟು ಹೋಯಿತು, ಮತ್ತೆ ಕಟ್ಟಿದರು. ಚೌಕಕ್ಕೆ ಪ್ರಿಂಟಿಂಗ್ ಹೌಸ್ ಸ್ಕ್ವೇರ್ ಅನ್ನುವ ಹೆಸರು ಆ ರಾಜಮುದ್ರಕರ ಕಾಲದ್ದು. ಟೈಮ್ಸ್ ಬಂದು ಇಟ್ಟ ಹೆಸರಲ್ಲ. ತುಂಬ ಜನ ಇದನ್ನು ತಪ್ಪು ತಿಳಿದಿದ್ದಾರೆ.

ಟೈಮ್ಸ್ ಅಲ್ಲಿಗೆ ಬಂದದ್ದು ಯಾವಾಗ?

ಜಾನ್ ವಾಲ್ಟರ್ ಎಂಬ ಕಲ್ಲಿದ್ದಲು ವ್ಯಾಪಾರಿ ಹಡಗಿನ ವಿಮೆಯ ವ್ಯವಹಾರಕ್ಕೆ ಕೈಹಾಕಿ ದಿವಾಳಿಯಾದ. ಹೊಸ ದಾರಿ ಹುಡುಕುತ್ತ 1784ರಲ್ಲಿ ಖಾಲಿ ಬಿದ್ದಿದ್ದ ಈ ಹಳೆಯ ಅಚ್ಚುಕೂಟವನ್ನು ಹಿಡಿದ. ಅವನ ತಲೆಯಲ್ಲಿ ಇದ್ದದ್ದು ಪತ್ರಿಕೆಯಲ್ಲ, ಒಂದು ಹೊಸ ಬಗೆಯ ಮೊಳೆ, ಅಂದರೆ ಅಚ್ಚಿಗೆ ಜೋಡಿಸುವ ಲೋಹದ ಅಕ್ಷರ. ಬಿಡಿ ಬಿಡಿ ಅಕ್ಷರಗಳ ಬದಲು ಇಡೀ ಪದವನ್ನೋ ಪದದ ತುಂಡನ್ನೋ ಒಂದೇ ಮೊಳೆಯಲ್ಲಿ ಎರಕ ಹೊಯ್ದರೆ ಜೋಡಣೆ ಬೇಗ ಆಗುತ್ತದೆ ಅನ್ನುವ ಲೆಕ್ಕ. ಲೋಗೋಗ್ರಫಿ ಅಂತ ಅದಕ್ಕೆ ಹೆಸರು. ಅದು ಕೈಹಿಡಿಯಲಿಲ್ಲ. ಅಷ್ಟೊಂದು ಪದಗಳಿಗೆ ಮೊಳೆ ಇಡುವ ಅಷ್ಟೊಂದು ಗೂಡು ಬೇಕು, ಕೈ ಎಷ್ಟು ದೂರ ಚಾಚಬೇಕು ಯೋಚಿಸಿ.

ಆ ಮೊಳೆಗಳ ಪ್ರಚಾರಕ್ಕೆ ಅಂತ 1785ರ ಜನವರಿ 1ರಂದು ‘ಡೈಲಿ ಯೂನಿವರ್ಸಲ್ ರಿಜಿಸ್ಟರ್’ ಶುರುವಾಯಿತು. ಮೂರು ವರ್ಷದ ಮೇಲೆ, 1788ರ ಜನವರಿ 1ರಂದು, ಅದರ ಹೆಸರು ‘ದಿ ಟೈಮ್ಸ್’ ಆಯಿತು.

ವಿಕ್ಟೋರಿಯನ್ ಕಾಲ ಅಂದರೆ ಯಾವುದು?

ರಾಣಿ ವಿಕ್ಟೋರಿಯಾ ಆಳಿದ ಕಾಲ, 1837ರಿಂದ 1901. ಆದರೆ ಈ ಅಚ್ಚುಕೂಟದ ಕತೆಯನ್ನು ಅಲ್ಲಿಂದಲೇ ಶುರು ಮಾಡಲು ಬರುವುದಿಲ್ಲ. 1814ರ ಒಂದು ರಾತ್ರಿಯನ್ನು ಹೇಳದೆ ಮುಂದೆ ಹೋಗಲು ಆಗುವುದಿಲ್ಲ.

1814ರಲ್ಲಿ ಏನಾಯಿತು?

ಅಲ್ಲಿಯವರೆಗೆ ಪತ್ರಿಕೆ ಅಚ್ಚಾಗುತ್ತಿದ್ದದ್ದು ಕೈಯಿಂದ. ಒಬ್ಬ ಮಸಿ ಹಚ್ಚಬೇಕು, ಇನ್ನೊಬ್ಬ ಹಾಳೆ ಇಟ್ಟು ಹಿಡಿಕೆ ಎಳೆಯಬೇಕು. ಒಳ್ಳೆಯ ಕಬ್ಬಿಣದ ಕೈಪ್ರೆಸ್ಸಿನಲ್ಲಿ ಇಬ್ಬರು ಗಟ್ಟಿ ಆಳುಗಳು ಮೈ ಮುರಿದು ದುಡಿದರೂ ಗಂಟೆಗೆ 250 ಹಾಳೆಯ ಸುಮಾರಿಗೆ, ಅದೂ ಒಂದೇ ಮಗ್ಗುಲು.

ಎರಡನೆಯ ಜಾನ್ ವಾಲ್ಟರ್, ಅಂದರೆ ಮೊದಲಿನವನ ಮಗ, ಜರ್ಮನಿಯಿಂದ ಬಂದಿದ್ದ ಫ್ರೆಡ್ರಿಕ್ ಕೋನಿಗ್ ಮತ್ತು ಆಂಡ್ರಿಯಾಸ್ ಬಾವರ್ ಅವರಿಂದ ಉಗಿಯಂತ್ರದ ಪ್ರೆಸ್ ಮಾಡಿಸಿದ. ಕೆಲಸಗಾರರಿಗೆ ತಿಳಿದರೆ ಯಂತ್ರ ಉಳಿಯುವುದಿಲ್ಲ ಎಂದು ಪಕ್ಕದ ಕಟ್ಟಡದಲ್ಲಿ ಗುಟ್ಟಾಗಿ ಜೋಡಿಸಿದರು. ನವೆಂಬರ್ 28ರ ರಾತ್ರಿ ಕೈಪ್ರೆಸ್ಸಿನವರಿಗೆ ‘ಯುರೋಪಿನಿಂದ ದೊಡ್ಡ ಸುದ್ದಿ ಬರಬೇಕಿದೆ, ಕಾಯಿರಿ’ ಅಂತ ಹೇಳಿ ಕೂರಿಸಿದರು. ಬೆಳಗ್ಗೆ ಆರರ ಹೊತ್ತಿಗೆ ವಾಲ್ಟರ್ ಒಳಗೆ ಬಂದು, ಟೈಮ್ಸ್ ಆಗಲೇ ಉಗಿಯಿಂದ ಅಚ್ಚಾಗಿದೆ ಎಂದು ತಿಳಿಸಿದ. ಗಲಾಟೆ ಮಾಡಿದರೆ ತಡೆಯಲು ಜನ ಸಿದ್ಧ ಇದ್ದಾರೆ, ಸುಮ್ಮನಿದ್ದರೆ ಬೇರೆ ಕೆಲಸ ಸಿಗುವವರೆಗೂ ಕೂಲಿ ಕೊಡುತ್ತೇನೆ ಅಂದ. ಆ ಯಂತ್ರ ಗಂಟೆಗೆ 1,100 ಹಾಳೆ ಅಚ್ಚು ಹಾಕುತ್ತಿತ್ತು.

ಇಡೀ ರಾತ್ರಿ ಬಾರದ ಸುದ್ದಿಗೆ ಕಾಯುತ್ತ ಕೂತಿದ್ದ ಆ ಕೈಪ್ರೆಸ್ಸಿನವರು ನನಗೆ ಯಾವಾಗಲೂ ನೆನಪಾಗುತ್ತಾರೆ. ಬೆಳಗಿನ ಪತ್ರಿಕೆಯ ದೊಡ್ಡ ಸುದ್ದಿ ಅವರದೇ ಆಗಿತ್ತು.

ಕಟ್ಟಡಕ್ಕೂ ಇದಕ್ಕೂ ಏನು ಸಂಬಂಧ?

ತುಂಬ ಇದೆ. ಕೈಪ್ರೆಸ್ಸು ಮನೆಯ ಯಾವ ಕೋಣೆಯಲ್ಲಾದರೂ ಹಿಡಿಸುತ್ತದೆ. ಉಗಿಯಂತ್ರ ಹಾಗಲ್ಲ. ಅದಕ್ಕೆ ಬಾಯ್ಲರ್ ಬೇಕು, ಕಲ್ಲಿದ್ದಲು ಇಡುವ ಜಾಗ ಬೇಕು, ಹೊಗೆ ಹೋಗಲು ಚಿಮಣಿ ಬೇಕು, ನೀರು ಬೇಕು. ನೆಲ ಅದುರುವುದನ್ನು ತಡೆಯುವ ಗಟ್ಟಿ ಅಡಿಪಾಯ ಬೇಕು. ಆವರೆಗೆ ಅಚ್ಚುಕೂಟ ಅಂದರೆ ಒಂದು ಮನೆ. ಅಲ್ಲಿಂದಾಚೆಗೆ ಅದು ಕಾರ್ಖಾನೆ. ಆದರೂ ಪ್ರಿಂಟಿಂಗ್ ಹೌಸ್ ಸ್ಕ್ವೇರ್‌ನಲ್ಲಿ ಮನೆಯೂ ಉಳಿಯಿತು. ವಾಲ್ಟರ್ ಕುಟುಂಬದ ‘ಪ್ರೈವೇಟ್ ಹೌಸ್’ ಅನ್ನುವ ಹಳೆಯ ಮನೆ ಅಚ್ಚುಕೂಟದ ಮಗ್ಗುಲಲ್ಲೇ ಇತ್ತು. ಯಜಮಾನರ ಮನೆ ಮತ್ತು ಕೆಲಸದ ಜಾಗ ಒಂದೇ ಚೌಕದಲ್ಲಿ ಇರುವ ಹಳೆಯ ಪದ್ಧತಿಯ ಗುರುತು ಅದು.

ಆ ಕಾಲದ ಪತ್ರಿಕಾ ಕಟ್ಟಡಗಳಲ್ಲಿ ಮೊಳೆ ಜೋಡಿಸುವವರು ಮೇಲೆ, ಯಂತ್ರ ಕೆಳಗೆ. ಯಾಕೆ?

ನನಗೆ ಅತಿ ಇಷ್ಟದ ಪ್ರಶ್ನೆ ಇದು. ವಿಕ್ಟೋರಿಯನ್ ಅಚ್ಚುಕೂಟಗಳಲ್ಲಿ ಸಾಮಾನ್ಯವಾಗಿ ಕಂಪೋಸಿಂಗ್ ಕೋಣೆ ಮೇಲಿನ ಮಹಡಿಯಲ್ಲಿ, ಗಾಜಿನ ಮಾಡಿನ ಕೆಳಗೆ ಇರುತ್ತಿತ್ತು. ಮೊಳೆಯ ಮುಖ ಸಣ್ಣದು, ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗಿರುತ್ತದೆ, ಲೋಹ ಹೊಳೆಯುತ್ತದೆ. ಬಿಸಿಲು ನೇರವಾಗಿ ಬಿದ್ದರೆ ಕಣ್ಣು ಕುಕ್ಕುತ್ತದೆ. ಉತ್ತರ ದಿಕ್ಕಿನಿಂದ ಬರುವ ತಂಪು ಬೆಳಕೇ ಬೇಕು.

‘ಬೆಳಗಿನ ಪತ್ರಿಕೆಯ ಕೆಲಸ ನಡೆಯುವುದು ರಾತ್ರಿ ಅಲ್ವಾ, ಹಗಲು ಬೆಳಕು ಯಾಕೆ?’ ಅಂತ ಒಬ್ಬರು ಸರಿಯಾಗಿಯೇ ಕೇಳಿದ್ದರು. ಜಾಹೀರಾತು, ಪೇಟೆಯ ಧಾರಣೆ, ಓದುಗರ ಪತ್ರ ಇವೆಲ್ಲ ಹಗಲಲ್ಲೇ ಜೋಡಣೆ ಆಗುತ್ತಿದ್ದವು. ಹಿಂದಿನ ದಿನದ ಪುಟಗಳನ್ನು ಬಿಚ್ಚಿ ಮೊಳೆಗಳನ್ನು ಮತ್ತೆ ಕೇಸಿನ, ಅಂದರೆ ಮರದ ಪೆಟ್ಟಿಗೆಯ, ಗೂಡುಗಳಿಗೆ ಹಾಕುವ ಕೆಲಸಕ್ಕೂ ಹಗಲೇ ಒಳ್ಳೆಯದು. ರಾತ್ರಿಯ ಕೆಲಸಕ್ಕೂ ಮೇಲಿನ ಮಹಡಿಯೇ ಅನುಕೂಲ. ಗ್ಯಾಸ್ ದೀಪದ ಕಾವು ಮತ್ತು ಹೊಗೆ ಮಾಡಿನ ಕಿಂಡಿಗಳಿಂದ ಹೊರಗೆ ಹೋಗುತ್ತಿತ್ತು.

ಯಂತ್ರ ನೆಲಮಾಳಿಗೆಯಲ್ಲಿ ಅಥವಾ ನೆಲದ ಮಟ್ಟದಲ್ಲಿ ಇರಬೇಕು, ಅದರ ಭಾರವನ್ನು ಹೊರಲು ಭೂಮಿಯೇ ಆಗಬೇಕು. ಕಾಗದದ ಗೋದಾಮೂ ಕೆಳಗೆ. ಆಗ ಕಾಗದವನ್ನು ಅಚ್ಚಿಗೆ ಮುಂಚೆ ನೀರು ಚಿಮುಕಿಸಿ ಒದ್ದೆ ಮಾಡುತ್ತಿದ್ದರು, ಮಸಿ ಚೆನ್ನಾಗಿ ಕುಡಿಯಲಿ ಅಂತ. ಒದ್ದೆ ಕಾಗದ ತಂಪು ನೆಲಮಾಳಿಗೆಯಲ್ಲೇ ಸರಿ. ಹೀಗಾಗಿ ಕೈಬರಹದ ಪ್ರತಿ ಮೊದಲು ಮೇಲೆ ಹತ್ತುತ್ತಿತ್ತು. ಮೊಳೆಯ ಪುಟವಾಗಿ ಭಾರ ಪಡೆದು ಕೆಳಗೆ ಇಳಿಯುತ್ತಿತ್ತು. ಪತ್ರಿಕೆಯಾಗಿ ಬಾಗಿಲ ಮಟ್ಟದಲ್ಲಿ ಗಾಡಿ ಏರುತ್ತಿತ್ತು.

ಮೊಳೆ ಜೋಡಿಸುವುದು ಅಂದರೆ ನಿಜವಾಗಿ ಏನು? ಈಗಿನವರಿಗೆ ಅರ್ಥವಾಗುವಂತೆ ಹೇಳಿ.

ಚಿಕ್ಕಂದಿನಲ್ಲಿ ನಮ್ಮೂರಿನ ಟ್ರೆಡಲ್ ಪ್ರೆಸ್ಸಿಗೆ, ಅಂದರೆ ಕಾಲಿನಿಂದ ತುಳಿದು ನಡೆಸುವ ಅಚ್ಚುಯಂತ್ರದ ಪ್ರೆಸ್ಸಿಗೆ, ಅಪ್ಪನ ಜೊತೆ ಹೋಗುತ್ತಿದ್ದೆ. ಮದುವೆ ಕಾಗದ, ರಸೀದಿ ಪುಸ್ತಕ, ಜಾತ್ರೆಯ ಕರಪತ್ರ ಎಲ್ಲ ಅಲ್ಲೇ ಆಗುತ್ತಿದ್ದವು. ಅಲ್ಲಿನ ಹಿರಿಯ ಕಂಪೋಸಿಟರ್, ಅಂದರೆ ಮೊಳೆ ಜೋಡಿಸುವವರು, ಎಡಗೈಯಲ್ಲಿ ಸ್ಟಿಕ್ ಹಿಡಿದು ನಿಲ್ಲುತ್ತಿದ್ದರು. ಸ್ಟಿಕ್ ಅಂದರೆ ಮೊಳೆಗಳನ್ನು ಸಾಲಾಗಿ ನಿಲ್ಲಿಸುವ ಸಣ್ಣ ತಟ್ಟೆ. ಅವರ ಕಣ್ಣು ಕೈಬರಹದ ಮೇಲೆ. ಬಲಗೈ ತಾನಾಗಿ ಗೂಡಿನಿಂದ ಗೂಡಿಗೆ ಹೋಗುತ್ತಿತ್ತು. ಮೊಳೆಯ ಮೈಮೇಲೆ ಒಂದು ಗೀರು ಇರುತ್ತದೆ. ಬೆರಳಿಗೆ ಆ ಗೀರು ಸಿಕ್ಕಿದರೆ ಅಕ್ಷರ ಸರಿಯಾಗಿ ನಿಂತಿದೆ ಅಂತ ಅರ್ಥ, ನೋಡುವುದೇ ಬೇಡ. ಸ್ಟಿಕ್ಕಿನಲ್ಲಿ ಟಿಕ್, ಟಿಕ್ ಅಂತ ಸಣ್ಣ ಸದ್ದು. ಸಾಲು ತುಂಬಿದ ಮೇಲೆ ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದರು. ಸಡಿಲ ಇದ್ದರೆ ಪದಗಳ ನಡುವೆ ತೆಳುವಾದ ಸ್ಪೇಸು ಸೇರಿಸುತ್ತಿದ್ದರು.

ಟೈಮ್ಸಿನಲ್ಲಿಯೂ ಕೆಲಸ ಇದೇ, ಸ್ಟಿಕ್ಕೂ ಇಂಥದ್ದೇ. ವ್ಯತ್ಯಾಸ ಇರುವುದು ಕೇಸಿನಲ್ಲಿ. ಇಂಗ್ಲಿಷಿಗೆ ಎರಡು ಕೇಸು ಇದ್ದರೆ ಸಾಕು. ಮೇಲಿನ ಕೇಸಿನಲ್ಲಿ ದೊಡ್ಡಕ್ಷರ, ಕೆಳಗಿನದರಲ್ಲಿ ಸಣ್ಣಕ್ಷರ. ಕಂಪ್ಯೂಟರಿನಲ್ಲಿ ನಾವು ಇವತ್ತೂ ಅಪ್ಪರ್ ಕೇಸ್, ಲೋಯರ್ ಕೇಸ್ ಅನ್ನುವುದು ಆ ಮರದ ಪೆಟ್ಟಿಗೆಗಳ ನೆನಪಿನಲ್ಲಿ. ಕನ್ನಡಕ್ಕೆ ಗುಣಿತಾಕ್ಷರ, ಒತ್ತಕ್ಷರ ಎಲ್ಲ ಸೇರಿ ಗೂಡುಗಳೇ ಗೂಡುಗಳು. ನಮ್ಮ ಕಂಪೋಸಿಟರ್ ಸುತ್ತ ಕೇಸುಗಳ ಗೋಡೆಯೇ ಇರುತ್ತಿತ್ತು.

ಸ್ಟಿಕ್ಕಿನಿಂದ ಸಾಲುಗಳು ಗ್ಯಾಲಿಗೆ ಹೋಗುತ್ತವೆ. ಗ್ಯಾಲಿ ಅಂದರೆ ಅಂಚು ಇರುವ ಉದ್ದನೆಯ ತಟ್ಟೆ. ಅಲ್ಲಿ ಒಂದು ಪ್ರೂಫ್, ಅಂದರೆ ತಪ್ಪು ನೋಡುವ ಪ್ರತಿ, ತೆಗೆದು ತಿದ್ದುತ್ತಾರೆ. ಆಮೇಲೆ ದೊಡ್ಡ ಮೇಜಿನ ಮೇಲೆ ಪುಟ ಕಟ್ಟಿ, ಕಬ್ಬಿಣದ ಚೌಕಟ್ಟಿನೊಳಗೆ ಬಿಗಿಯುತ್ತಾರೆ. ಆ ಮೇಜಿನ ಮೈ ನುಣುಪಾದ ಕಲ್ಲಿನದು. ಆಮೇಲೆ ಅದು ಕಬ್ಬಿಣಕ್ಕೆ ಬದಲಾದರೂ ಇಂಗ್ಲೆಂಡಿನ ಮುದ್ರಕರು ಅದನ್ನು ‘ಕಲ್ಲು’ ಅಂತಲೇ ಕರೆದರು. ಸೀಸ, ತವರ, ಆಂಟಿಮನಿ ಸೇರಿದ ಆ ಪುಟ ತುಂಬ ಭಾರ. ಬಿಗಿ ತಪ್ಪಿ ಚೆಲ್ಲಿತೋ, ಒಂದು ರಾತ್ರಿಯ ಕೆಲಸ ನೆಲದ ಪಾಲು.

ಯಂತ್ರಗಳು ಎಷ್ಟು ದೊಡ್ಡವು?

ವಿಕ್ಟೋರಿಯಾ ಪಟ್ಟಕ್ಕೆ ಬಂದಾಗ ಇಲ್ಲಿ ಇದ್ದದ್ದು ಅಗಸ್ಟಸ್ ಆಪಲ್‌ಗಾತ್ ಮತ್ತು ಎಡ್ವರ್ಡ್ ಕೌಪರ್ ಮಾಡಿದ ನಾಲ್ಕು ಸಿಲಿಂಡರಿನ ಯಂತ್ರ. ಗಂಟೆಗೆ ಸುಮಾರು 4,000 ಹಾಳೆ. ಅದೂ ಸಾಲದಾಯಿತು. 1848ರಲ್ಲಿ ಆಪಲ್‌ಗಾತ್ ಬೇರೆಯೇ ದಾರಿ ಹಿಡಿದ. ಐದೂವರೆ ಅಡಿ ಅಡ್ಡಳತೆಯ ಒಂದು ದೊಡ್ಡ ಪೀಪಾಯಿಯನ್ನು ನೆಟ್ಟಗೆ ನಿಲ್ಲಿಸಿದ. ಅದರ ಮೈ ಸುತ್ತ ಮೊಳೆಗಳನ್ನು ಬಿಗಿದ. ಸುತ್ತಲೂ ಎಂಟು ಸಿಲಿಂಡರ್ ಇಟ್ಟ. ನಡುವಿನ ಪೀಪಾಯಿ ಒಂದು ಸುತ್ತು ಬಂದರೆ ಎಂಟು ಹಾಳೆ ಅಚ್ಚಾಗುತ್ತಿತ್ತು. ನಮ್ಮ ರಥದ ಗಾಲಿ ಮಲಗಿದ್ದರೆ ಹೇಗೆ ತಿರುಗೀತೋ ಹಾಗೆ. ಅದೇ ಬಗೆಯ ಯಂತ್ರವನ್ನು 1851ರ ಲಂಡನ್ ಮಹಾ ಪ್ರದರ್ಶನದಲ್ಲಿ ಜನರ ಮುಂದೆ ಓಡಿಸಿದರು.

ಆಮೇಲೆ 1850ರ ದಶಕದ ಕೊನೆಗೆ ಅಮೆರಿಕದ ಹೋ ಕಂಪನಿಯ ಹತ್ತು ಫೀಡರಿನ ಯಂತ್ರ ಬಂತು. ಇದರಲ್ಲಿ ಹಾಳೆ ಊಡಿಸುವವರು ಅಟ್ಟ ಅಟ್ಟವಾಗಿ, ಒಬ್ಬರ ಮೇಲೊಬ್ಬರು ನಿಲ್ಲಬೇಕು. ಯಂತ್ರದ ಕೋಣೆಯ ಎತ್ತರ ತಾನಾಗಿ ಬೆಳೆಯಿತು. ಕಟ್ಟಡ ಯಂತ್ರಕ್ಕೆ ಅಂಗಿ ಹೊಲಿದ ಹಾಗೆ ಆಯಿತು.

ಇಷ್ಟು ವೇಗವಾಗಿ ತಿರುಗುವ ಸಿಲಿಂಡರಿಗೆ ಬಿಡಿ ಮೊಳೆ ಕಟ್ಟುವುದು ಅಪಾಯ, ಕಿತ್ತು ಹಾರುತ್ತವೆ. ಜೊತೆಗೆ ಮೊಳೆ ಸವೆಯುತ್ತದೆ. ಇದಕ್ಕೆ ಪರಿಹಾರ ಕಾಗದದಲ್ಲೇ ಸಿಕ್ಕಿತು. ಕೆಲವು ಪದರ ಕಾಗದವನ್ನು ಅಂಟಿನಿಂದ ಸೇರಿಸಿ ಒದ್ದೆ ಮಾಡಿ, ಮೊಳೆಯ ಪುಟದ ಮೇಲೆ ಹಾಸಿ, ಬ್ರಷ್ಷಿನಿಂದ ಬಡಿದು, ಒಣಗಿಸುತ್ತಿದ್ದರು. ಅಕ್ಷರಗಳ ಅಚ್ಚು ಕಾಗದದಲ್ಲಿ ಇಳಿಯುತ್ತಿತ್ತು. ಆ ಕಾಗದವನ್ನು ಬಾಗಿಸಿ ಎರಕದ ಪೆಟ್ಟಿಗೆಯಲ್ಲಿಟ್ಟು ಕರಗಿದ ಲೋಹ ಸುರಿದರೆ ಸಿಲಿಂಡರಿಗೆ ಸರಿಯಾಗಿ ಕೂರುವ ಬಾಗಿದ ಫಲಕ ಸಿಗುತ್ತಿತ್ತು. ಒಂದೇ ಪುಟಕ್ಕೆ ಎಷ್ಟು ಫಲಕ ಬೇಕಾದರೂ ಮಾಡಬಹುದು, ಎಷ್ಟು ಯಂತ್ರದಲ್ಲಿ ಬೇಕಾದರೂ ಓಡಿಸಬಹುದು. ಇದನ್ನು ಸ್ಟೀರಿಯೋಟೈಪ್ ಅನ್ನುತ್ತಾರೆ. ಟೈಮ್ಸಿಗೆ ಇದನ್ನು ಮಾಡಿಕೊಟ್ಟವರು ಡೆಲ್ಲಗಾನ ಸೋದರರು, 1850ರ ದಶಕದಲ್ಲಿ.

ವಾಲ್ಟರ್ ಪ್ರೆಸ್ ಅಂದರೆ ಇದೇನಾ?

ಅಲ್ಲ, ಅದು ಮುಂದಿನದು. ಟೈಮ್ಸಿನ ಒಳಗೇ ಹುಟ್ಟಿದ ಯಂತ್ರ. ಮ್ಯಾನೇಜರ್ ಜೆ. ಸಿ. ಮ್ಯಾಕ್‌ಡೊನಾಲ್ಡ್ ಮತ್ತು ಎಂಜಿನಿಯರ್ ಜೋಸೆಫ್ ಕ್ಯಾಲ್ವರ್ಲಿ ಸೇರಿ ಮಾಡಿದರು. 1866ರಲ್ಲಿ ಪೇಟೆಂಟ್ ಆಯಿತು, 1868ರ ಹೊತ್ತಿಗೆ ಪತ್ರಿಕೆ ಅದರಲ್ಲಿ ಅಚ್ಚಾಗತೊಡಗಿತು. ಇದಕ್ಕೆ ಬಿಡಿ ಹಾಳೆ ಬೇಡ. ಮೈಲಿಗಟ್ಟಲೆ ಉದ್ದದ ಕಾಗದದ ಸುರುಳಿ ಒಂದು ಕಡೆಯಿಂದ ಒಳಗೆ ಹೋಗಿ, ಎರಡೂ ಮಗ್ಗುಲು ಅಚ್ಚಾಗಿ, ಕತ್ತರಿಸಿಕೊಂಡು ಇನ್ನೊಂದು ಕಡೆ ಹೊರಗೆ ಬರುತ್ತಿತ್ತು. ಗಂಟೆಗೆ ಸುಮಾರು 12,000 ಪೂರ್ತಿ ಪ್ರತಿ. ಹತ್ತು ಜನ ಅಟ್ಟದ ಮೇಲೆ ನಿಂತು ಹಾಳೆ ಊಡಿಸುವ ಕೆಲಸ ಅಲ್ಲಿಗೆ ಮುಗಿಯಿತು. ಎತ್ತರದ ರಾಕ್ಷಸ ಯಂತ್ರದ ಜಾಗದಲ್ಲಿ ತಗ್ಗಾದ, ಸಾಲಾಗಿ ನಿಲ್ಲುವ ಯಂತ್ರಗಳು ಬಂದವು.

ಸುರುಳಿ ಕಾಗದ ಇಷ್ಟು ಸುಲಭ ಇದ್ದರೆ ಮುಂಚೆಯೇ ಯಾಕೆ ಬಳಸಲಿಲ್ಲ?

ತೆರಿಗೆ! ಪತ್ರಿಕೆಯ ಪ್ರತಿ ಹಾಳೆಯ ಮೇಲೂ ಸರ್ಕಾರದ ಮುದ್ರೆ ಬೀಳಬೇಕಿತ್ತು. 1815ರಿಂದ ಅದು ಹಾಳೆಗೆ 4 ಪೆನ್ನಿ, 1836ರಲ್ಲಿ 1 ಪೆನ್ನಿಗೆ ಇಳಿಯಿತು. ಹಾಳೆ ಹಾಳೆಯಾಗಿ ಮುದ್ರೆ ಹಾಕಿಸಿ ತರಬೇಕಾದಾಗ ಸುರುಳಿಯ ಮಾತೆಲ್ಲಿ? ಕಾಗದಕ್ಕೆ ಬೇರೆ ಸುಂಕ, ಜಾಹೀರಾತಿಗೆ ಬೇರೆ ಸುಂಕ. ಜಾಹೀರಾತಿನದು 1853ರಲ್ಲಿ, ಮುದ್ರೆಯ ಕಡ್ಡಾಯ 1855ರಲ್ಲಿ, ಕಾಗದದ್ದು 1861ರಲ್ಲಿ ರದ್ದಾಯಿತು. ಜ್ಞಾನದ ಮೇಲಿನ ತೆರಿಗೆ ಅಂತ ಜನ ಇವನ್ನು ವಿರೋಧಿಸಿ ಹೋರಾಡಿದ್ದರು. ಮುದ್ರೆ ಹೋದ ವರ್ಷವೇ ‘ಡೈಲಿ ಟೆಲಿಗ್ರಾಫ್’ ಶುರುವಾಯಿತು, ಬೇಗನೆ ಒಂದು ಪೆನ್ನಿಯ ಪತ್ರಿಕೆಯಾಗಿ ಟೈಮ್ಸಿಗಿಂತ ಜಾಸ್ತಿ ಮಾರಾಟವಾಗತೊಡಗಿತು.

1870ರ ದಶಕದ ಹೊಸ ಕಟ್ಟಡ ನೋಡಲು ಹೇಗಿತ್ತು?

ಹಳೆಯ ಕಟ್ಟಡ ಅಲ್ಲಲ್ಲಿ ಸೇರಿಸುತ್ತ ಬೆಳೆದದ್ದು. ಇಕ್ಕಟ್ಟಾದ ಓಣಿಗಳ ಒಳಗೆ ಅಡಗಿತ್ತು. 1871ರಲ್ಲಿ ಕ್ವೀನ್ ವಿಕ್ಟೋರಿಯಾ ಸ್ಟ್ರೀಟ್ ಅನ್ನುವ ಅಗಲವಾದ ಹೊಸ ರಸ್ತೆ ಬಂತು. ಟೈಮ್ಸಿಗೆ ಮೊದಲ ಸಲ ದೊಡ್ಡ ರಸ್ತೆಗೆ ಮುಖ ಮಾಡಿ ನಿಲ್ಲುವ ಅವಕಾಶ ಸಿಕ್ಕಿತು. ಮೂರನೆಯ ಜಾನ್ ವಾಲ್ಟರ್ ಅಲ್ಲಿ ಕೆಂಪು ಇಟ್ಟಿಗೆಯ ಕಚೇರಿ ಕಟ್ಟಿಸಿದ.

ಆ ಇಟ್ಟಿಗೆ ಬಂದದ್ದು ಬರ್ಕ್‌ಷೈರಿನ ಬೇರ್‌ವುಡ್ ಅನ್ನುವ ಅವನ ಸ್ವಂತ ಎಸ್ಟೇಟಿನಿಂದ. ಅಲ್ಲಿನ ಮಣ್ಣನ್ನೇ ಸುಟ್ಟು ಮಾಡಿದ ಇಟ್ಟಿಗೆ. ಮರಗೆಲಸದ ಮರವೂ ಅಲ್ಲಿನದೇ. ಅದೇ ಹೊತ್ತಿಗೆ ಅವನು ಬೇರ್‌ವುಡ್‌ನಲ್ಲಿ ದೊಡ್ಡ ಬಂಗಲೆಯನ್ನೂ ಕಟ್ಟಿಸುತ್ತಿದ್ದ. ರಾಬರ್ಟ್ ಕೆರ್ ಅದರ ವಾಸ್ತುಶಿಲ್ಪಿ. ಅಂದರೆ ಹಳ್ಳಿಯ ಯಜಮಾನನ ಮನೆಗೂ ನಗರದ ಪತ್ರಿಕೆಗೂ ಮಣ್ಣು ಒಂದೇ. ನನಗೆ ಈ ವಿವರ ತುಂಬ ಮುಖ್ಯ ಅನ್ನಿಸುತ್ತದೆ. ಟೈಮ್ಸಿನ ಕಟ್ಟಡ ಒಂದು ಮನೆತನದ ಆಸ್ತಿ ಅನ್ನುವುದು ಗೋಡೆಯಲ್ಲೇ ಕಾಣುತ್ತಿತ್ತು.

ರಾತ್ರಿ ಬೆಳಕಿಗೆ ಏನು ಮಾಡುತ್ತಿದ್ದರು?

ಮೊದಲು ಎಣ್ಣೆ ದೀಪ, ಮೇಣದ ಬತ್ತಿ, ಆಮೇಲೆ ಗ್ಯಾಸ್. ಪ್ರತಿ ಕೇಸಿನ ಮೇಲೂ ಒಂದೊಂದು ಗ್ಯಾಸ್ ದೀಪ ಉರಿಯುವ ಕೋಣೆ ಒಲೆಯಂತೆ ಕಾಯುತ್ತದೆ. ಸೀಸದ ಧೂಳು, ಕೆಟ್ಟ ಗಾಳಿ, ಇಡೀ ರಾತ್ರಿ ನಿಂತು ಕೆಲಸ. ಇಂಗ್ಲೆಂಡಿನ ಮುದ್ರಕರಲ್ಲಿ ಕ್ಷಯ ಜಾಸ್ತಿ ಇತ್ತು. 1870ರ ದಶಕದ ಕೊನೆಯಲ್ಲಿ ಟೈಮ್ಸಿನ ಯಂತ್ರದ ಕೋಣೆಗೆ ವಿದ್ಯುತ್ ಆರ್ಕ್ ದೀಪ ಬಂತು. ಲಂಡನ್ನಿನಲ್ಲಿ ವಿದ್ಯುತ್ ಬೆಳಕಿನಲ್ಲಿ ಕೆಲಸ ಮಾಡಿದ ಮೊದಮೊದಲ ಜಾಗಗಳಲ್ಲಿ ಅದೂ ಒಂದು.

ಒಂದು ರಾತ್ರಿ ಹೇಗೆ ನಡೆಯುತ್ತಿತ್ತು?

ಸಂಪಾದಕ ಜಾನ್ ಡಿಲೇನ್ 1841ರಿಂದ 1877ರವರೆಗೆ ಆ ಕುರ್ಚಿಯಲ್ಲಿದ್ದರು. ರಾತ್ರಿ ಊಟದ ಕೂಟಗಳಲ್ಲಿ ಮಂತ್ರಿಗಳ ಜೊತೆ ಮಾತಾಡಿ ಬಂದು ಕಚೇರಿಯಲ್ಲಿ ಕೂತರೆ ಬೆಳಗಿನ ಜಾವದವರೆಗೂ ಕೆಲಸ. ಸಂಸತ್ತಿನ ಚರ್ಚೆ ತಡವಾದಷ್ಟೂ ಮೇಲಿನ ಮಹಡಿಯಲ್ಲಿ ಆತಂಕ. ವರದಿಗಾರರು ಸರದಿಯಲ್ಲಿ ಬರೆದು ತರುವ ಹಾಳೆಗಳನ್ನು ತುಂಡು ತುಂಡು ಮಾಡಿ ಹಲವು ಕಂಪೋಸಿಟರುಗಳಿಗೆ ಹಂಚುತ್ತಿದ್ದರು. ಒಬ್ಬನ ಕೈಲಿ ಒಂದು ಭಾಷಣದ ತಲೆ, ಇನ್ನೊಬ್ಬನ ಕೈಲಿ ಅದರ ಬಾಲ. 1850ರ ದಶಕದ ಕ್ರೈಮಿಯಾ ಯುದ್ಧದ ಕಾಲಕ್ಕೆ ಟೈಮ್ಸಿನ ಯುದ್ಧ ವರದಿಗಾರ ವಿಲಿಯಂ ಹವರ್ಡ್ ರಸೆಲ್ ಕಳಿಸಿದ ವರದಿಗಳೂ ಇದೇ ಕೈಗಳನ್ನು ದಾಟಿ ಹೋದವು. ಆಗ ಪತ್ರಿಕೆಯ ಪ್ರಸಾರ 50 ಸಾವಿರ ದಾಟಿತ್ತು.

1870ರ ದಶಕದಲ್ಲಿ ಕಾಸ್ಟೆನ್‌ಬೈನ್ ಮೊಳೆ ಜೋಡಿಸುವ ಯಂತ್ರ ಬಂತು. ಪಿಯಾನೋ ಥರ ಕೀಲಿ ಒತ್ತಿದರೆ ಮೊಳೆ ಜಾರಿ ಬರುತ್ತಿತ್ತು. 1880ರ ದಶಕದ ಹೊತ್ತಿಗೆ ಸಂಸತ್ತಿನಿಂದ ಟೆಲಿಫೋನ್ ತಂತಿಯೂ ಬಂತು. ಅಲ್ಲಿ ಒಬ್ಬರು ಓದಿದ್ದನ್ನು ಇಲ್ಲಿ ಕಿವಿಗೆ ಹಿಡಿದು ಕೇಳುತ್ತ, ಆ ಯಂತ್ರದಲ್ಲಿ ನೇರವಾಗಿ ಮೊಳೆ ಜೋಡಿಸುತ್ತಿದ್ದರು. ಅಂಥ ಕಾಲದಲ್ಲಿ ಅಂಥ ವೇಗ! ಬೆಳಕು ಹರಿಯುವ ಮುಂಚೆ ಕಟ್ಟುಗಳು ರೈಲಿಗೆ ಹೋಗಬೇಕಿತ್ತು. ಎಲ್ಲ ಅವಸರವೂ ಆ ರೈಲಿಗಾಗಿ.

ಕೆಲಸಗಾರರ ಪರಿಸ್ಥಿತಿ ಹೇಗಿತ್ತು? ಹೆಂಗಸರು ಇದ್ದರೇ?

ಕಟ್ಟಡ ಚಂದ ಇತ್ತು ಅಂತ ಇದನ್ನು ಮರೆಯಬಾರದು. 1810ರಲ್ಲಿ ಟೈಮ್ಸಿನ ಕಂಪೋಸಿಟರುಗಳು ಕೂಲಿಯ ವಿಷಯಕ್ಕೆ ಒಂದಾಗಿ ನಿಂತಾಗ ಅವರ ಮೇಲೆ ಒಳಸಂಚಿನ ಮೊಕದ್ದಮೆ ಹಾಕಿ ಜೈಲಿಗೆ ಕಳಿಸಿದರು. ಆಮೇಲೂ ಬಹಳ ಕಾಲ ಟೈಮ್ಸ್ ಕಾರ್ಮಿಕ ಸಂಘವನ್ನು ಒಳಗೆ ಬಿಡಲಿಲ್ಲ. ಅದಕ್ಕೆ ಬದಲಾಗಿ ಸ್ವಂತ ಸಹಾಯನಿಧಿ, ಊಟದ ವ್ಯವಸ್ಥೆ ಇವನ್ನು ಇಟ್ಟಿತು.

ಹೆಂಗಸರನ್ನು ಈ ಕಸುಬಿಗೆ ಸೇರಿಸುತ್ತಿರಲಿಲ್ಲ. ಅದನ್ನು ಮುರಿಯಲು ಎಮಿಲಿ ಫೇಯ್ತ್‌ಫುಲ್ 1860ರಲ್ಲಿ ಲಂಡನ್ನಿನ ಗ್ರೇಟ್ ಕೋರಂ ಸ್ಟ್ರೀಟಿನಲ್ಲಿ ವಿಕ್ಟೋರಿಯಾ ಪ್ರೆಸ್ ತೆರೆದರು. ಹೆಣ್ಣುಮಕ್ಕಳೇ ಮೊಳೆ ಜೋಡಿಸುವ ಅಚ್ಚುಕೂಟ. ಗಾಳಿ ಬೆಳಕು ಚೆನ್ನಾಗಿ ಇರುವಂತೆ ನೋಡಿಕೊಂಡರು, ಕೂತು ಕೆಲಸ ಮಾಡಲು ಎತ್ತರದ ಸ್ಟೂಲು ಹಾಕಿಸಿದರು. ಸ್ಟೂಲು ಅಂದರೆ ಸಣ್ಣ ವಿಷಯ ಅನ್ನಿಸಬಹುದು. ಹತ್ತು ಗಂಟೆ ನಿಂತು ನೋಡಿದವರನ್ನು ಕೇಳಿ.

ಆ ಕಟ್ಟಡ ಈಗ ಇದೆಯೇ?

ಇಲ್ಲ. 1940ರ ಸೆಪ್ಟೆಂಬರಿನಲ್ಲಿ ಬಾಂಬ್ ಬಿದ್ದು ಒಂದು ಭಾಗ ಹಾಳಾಯಿತು, ಆದರೂ ಪತ್ರಿಕೆ ನಿಲ್ಲಲಿಲ್ಲ. 1960ರ ದಶಕದಲ್ಲಿ ಹಳೆಯದನ್ನು ಕೆಡವಿ ಅದೇ ಜಾಗದಲ್ಲಿ ಆಧುನಿಕ ಕಟ್ಟಡ ಕಟ್ಟಿದರು. 1974ರಲ್ಲಿ ಟೈಮ್ಸ್ ಆ ಜಾಗವನ್ನೇ ಬಿಟ್ಟು ಗ್ರೇಸ್ ಇನ್ ರೋಡಿಗೆ ಹೋಯಿತು, 1986ರಲ್ಲಿ ವಾಪಿಂಗ್‌ಗೆ. ನೂರು ವರ್ಷ ತುಂಬುವ ಮುಂಚೆಯೇ ಬೇರ್‌ವುಡ್ಡಿನ ಇಟ್ಟಿಗೆಗಳು ಹೋದವು. ಉಳಿಸಿಕೊಳ್ಳಬೇಕಿತ್ತು ಅಂತ ನನಗೆ ಇವತ್ತಿಗೂ ಅನ್ನಿಸುತ್ತದೆ.

ಟೈಮ್ಸ್ ನ್ಯೂ ರೋಮನ್ ಅಕ್ಷರ ಇಲ್ಲಿಂದಲೇ ಬಂದದ್ದಾ?

ಹೌದು. ಸ್ಟ್ಯಾನ್ಲಿ ಮಾರಿಸನ್ ಮೇಲ್ವಿಚಾರಣೆಯಲ್ಲಿ ವಿಕ್ಟರ್ ಲಾರ್ಡೆಂಟ್ ಬರೆದ ಅಕ್ಷರ. 1932ರ ಅಕ್ಟೋಬರ್ 3ರ ಸಂಚಿಕೆಯಲ್ಲಿ ಮೊದಲ ಸಲ ಬಂತು.

ಹಾಗಾದರೆ ಆ ಕಾಲದ ಪತ್ರಿಕಾ ಅಚ್ಚುಕೂಟವನ್ನು ಈಗ ಎಲ್ಲಿ ನೋಡಬಹುದು?

ದೊಡ್ಡದನ್ನು ಹುಡುಕಬೇಡಿ, ಸಣ್ಣದಕ್ಕೆ ಹೋಗಿ. ಸ್ಕಾಟ್ಲೆಂಡಿನ ಇನ್ನರ್‌ಲೀಥನ್ ಅನ್ನುವ ಪುಟ್ಟ ಊರಿನಲ್ಲಿ ರಾಬರ್ಟ್ ಸ್ಮೇಲ್ 1866ರಲ್ಲಿ ಶುರು ಮಾಡಿದ ಅಚ್ಚುಕೂಟ ಹಾಗೇ ಇದೆ. ಮುಂದೆ ಅಂಗಡಿ, ಮೇಲೆ ಮೊಳೆಯ ಕೋಣೆ, ಹಿಂದೆ ಯಂತ್ರ. ಯಂತ್ರ ತಿರುಗಿಸಲು ಉಗಿ ಅಲ್ಲ, ಪಕ್ಕದ ಕಾಲುವೆಯ ನೀರು ಮತ್ತು ನೀರುಚಕ್ರ! ‘ಸೇಂಟ್ ರೋನನ್ಸ್ ಸ್ಟ್ಯಾಂಡರ್ಡ್’ ಅನ್ನುವ ಊರಿನ ಪತ್ರಿಕೆ 1893ರಿಂದ 1916ರವರೆಗೆ ಅಲ್ಲೇ ಅಚ್ಚಾಯಿತು. ಅಲ್ಲಿ ಅಚ್ಚಾದ ಎಲ್ಲದರ ಒಂದೊಂದು ಪ್ರತಿಯನ್ನು ದೊಡ್ಡ ಪುಸ್ತಕಗಳಲ್ಲಿ ಅಂಟಿಸಿ ಇಟ್ಟಿದ್ದಾರೆ. 1986ರಲ್ಲಿ ನ್ಯಾಷನಲ್ ಟ್ರಸ್ಟ್ ಫಾರ್ ಸ್ಕಾಟ್ಲೆಂಡ್ ಅದನ್ನು ಕೊಂಡು ಉಳಿಸಿತು. ಹೋದವರು ಸ್ಟಿಕ್ ಹಿಡಿದು ತಮ್ಮ ಹೆಸರಿನ ಮೊಳೆ ಜೋಡಿಸಿ ನೋಡಬಹುದು.

ಎಡಿನ್‌ಬರೋದ ಕಾಕ್‌ಬರ್ನ್ ಸ್ಟ್ರೀಟಿನಲ್ಲಿ 1860ರಲ್ಲಿ ‘ದಿ ಸ್ಕಾಟ್ಸ್‌ಮನ್’ ಪತ್ರಿಕೆಗೆ ಕಟ್ಟಿದ ಕಟ್ಟಡವೂ ನಿಂತಿದೆ. ಬ್ರಿಸ್ಟಲ್‌ನಲ್ಲಿ ಎಡ್ವರ್ಡ್ ಎವರಾರ್ಡ್ ಅವರ ಮುದ್ರಣಾಲಯದ ಮುಂಭಾಗ ಉಳಿದಿದೆ. ಅದು ಪತ್ರಿಕೆಯದಲ್ಲ, ಆದರೆ ಗೋಡೆಯ ಬಣ್ಣದ ಹಂಚುಗಳಲ್ಲಿ, ಯುರೋಪಿನಲ್ಲಿ ಮೊಳೆಯ ಅಚ್ಚು ಶುರು ಮಾಡಿದ ಗುಟೆನ್‌ಬರ್ಗ್ ಕಾಣಿಸುತ್ತಾರೆ.

ಇದೇ ಕಾಲಕ್ಕೆ ಕನ್ನಡದಲ್ಲಿ ಏನಾಗುತ್ತಿತ್ತು?

ಮಂಗಳೂರಿನಲ್ಲಿ ಬಾಸೆಲ್ ಮಿಷನ್ 1841ರಲ್ಲಿ ಅಚ್ಚುಕೂಟ ಶುರು ಮಾಡಿತ್ತು. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಅಲ್ಲಿಂದ ‘ಮಂಗಳೂರ ಸಮಾಚಾರ’ ಹೊರತಂದರು. ಕನ್ನಡದ ಮೊದಲ ಪತ್ರಿಕೆ. ನಮ್ಮಲ್ಲಿ ಜುಲೈ 1 ಪತ್ರಿಕಾ ದಿನ ಆದದ್ದು ಅದರಿಂದ. ಲಂಡನ್ನಿನಲ್ಲಿ ಉಗಿಯಂತ್ರ ಗಂಟೆಗೆ ಸಾವಿರಾರು ಹಾಳೆ ಉರುಳಿಸುತ್ತಿದ್ದಾಗ ಇಲ್ಲಿ ಹದಿನೈದು ದಿನಕ್ಕೊಮ್ಮೆ ಬರುವ ನಾಲ್ಕು ಪುಟ. ಮೊಳೆಯೂ ಇಲ್ಲ. ಕೈಯಿಂದ ಬರೆದ ಅಕ್ಷರವನ್ನು ಕಲ್ಲಿಗೆ ಇಳಿಸಿ ಅಚ್ಚು ಹಾಕುವ ಕಲ್ಲಚ್ಚು. ಹಾಗಾಗಿ ಆ ಪುಟಗಳಲ್ಲಿ ಕಾಣುವುದು ಒಬ್ಬರ ಕೈಬರಹವೇ. ಮೊಳೆಯ ಅನುಕೂಲ ಇದ್ದ ಬಳ್ಳಾರಿಗೆ 1844ರಲ್ಲಿ ಪತ್ರಿಕೆ ಸ್ಥಳ ಬದಲಿಸಿತು, ಹೆಸರೂ ‘ಕಂನಡ ಸಮಾಚಾರ’ ಆಯಿತು.

ಮಂಗಳೂರಿನ ಅಚ್ಚುಕೂಟಕ್ಕೆ ಮೊಳೆಯ ಕೆಲಸ ಬಂದದ್ದು 1850ರ ದಶಕದಲ್ಲಿ. ಅದಕ್ಕೆ ಅಂತ 1851ರಲ್ಲಿ ಬಂದವರು ಜಾರ್ಜ್ ಪ್ಲೆಬ್‌ಸ್ಟ್. ಕಿಟ್ಟೆಲ್ ಅವರ ಕನ್ನಡ ನಿಘಂಟು 1894ರಲ್ಲಿ ಹೊರಬಂದದ್ದೂ ಇದೇ ಮಿಷನ್ನಿನ ಅಚ್ಚಿನಿಂದ. ಆ ಸಾವಿರಾರು ಪದಗಳನ್ನೂ ಯಾರೋ ನಿಂತುಕೊಂಡು, ಒತ್ತು ದೀರ್ಘಗಳ ಸಮೇತ, ಒಂದೊಂದೇ ಮೊಳೆ ಎತ್ತಿ ಜೋಡಿಸಿದ್ದಾರೆ.

ಪ್ಲೆಬ್‌ಸ್ಟ್ ಅಚ್ಚಿನ ಕೆಲಸಕ್ಕಷ್ಟೇ ನಿಲ್ಲಲಿಲ್ಲ. ನೇತ್ರಾವತಿ ದಂಡೆಯ ಜೇಡಿಮಣ್ಣನ್ನು ಪರೀಕ್ಷೆ ಮಾಡಿ, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು. ನಮ್ಮ ಮಂಗಳೂರು ಹೆಂಚು ಹುಟ್ಟಿದ್ದು ಅಲ್ಲಿ. ಕರಾವಳಿ, ಮಲೆನಾಡಿನ ಎಷ್ಟೋ ಟ್ರೆಡಲ್ ಪ್ರೆಸ್ಸುಗಳು ನಡೆದದ್ದು ಅದೇ ಹೆಂಚಿನ ಮಾಡಿನ ಕೆಳಗೆ. ನಮ್ಮೂರಿನ ಪ್ರೆಸ್ಸಿನಲ್ಲೂ ಕೇಸುಗಳ ನೆತ್ತಿಗೆ ಸರಿಯಾಗಿ ಎರಡು ಗಾಜಿನ ಹೆಂಚು ಹಾಕಿದ್ದರು, ಬೆಳಕು ನೇರ ಮೊಳೆಯ ಮೇಲೆ ಬೀಳಲಿ ಅಂತ.